ಆಯಿ ದೇವರಿಗೆ ಜೋರಾಗಿ ಹೇಳಿದ ಸಂಜೆ

ನಮ್ಮ ಮನೆಯಲ್ಲಿ ಗುಟ್ಟಿಗೆ ಆಯುಷ್ಯ ಹೊತ್ತು ಮುಳುಗುವ ತನಕ ಮಾತ್ರ. ಮುಂಜಾನೆ ಹುಟ್ಟಿದ ಗುಟ್ಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಸಾಯುತ್ತಿತ್ತು, ಸತ್ತ ಸುದ್ದಿ ಓಣಿಗೆಲ್ಲ ಮುಟ್ಟುತ್ತಿತ್ತು. ಇದಕ್ಕೆ ಕಾರಣ ಆಯಿ, ಅಂದರೆ ನಮ್ಮಪ್ಪನ ತಾಯಿ. ನಡುಮನೆಯ ಗೋಡೆಗೆ ಹತ್ತಿದ ಮಣ್ಣಿನ ಜಗಲಿಯ ಮೇಲೆ ಹಣಮಪ್ಪನ ಪಟ, ಒಂದು ತಾಮ್ರದ ತಂಬಿಗೆ, ಒಂದು ದೀಪ. ದಿನಾ ಸಂಜೆ ಆಯಿ ಕೈಕಾಲು ತೊಳೆದು, ದೀಪ ಹಚ್ಚಿ, ಜಗಲಿಯ ಮುಂದೆ ಕಾಲು ಚಾಚಿ ಕೂತು ಅವತ್ತಿನ ದಿನವನ್ನು ದೇವರಿಗೆ ಒಪ್ಪಿಸುತ್ತಿದ್ದಳು. ಬೇರೆಯವರು ದೇವರ ಮುಂದೆ ಕೈ ಮುಗಿದು ಅದು ಕೊಡು ಇದು ಕೊಡು ಅಂತಾರೆ, ಇಲ್ಲಾ ತಪ್ಪಾಯ್ತು ಅಂತ ಗಲ್ಲ ಬಡಿದುಕೊಳ್ಳುತ್ತಾರೆ. ಆಯಿ ಎರಡೂ ಮಾಡುತ್ತಿರಲಿಲ್ಲ. ಹೊಲದಲ್ಲಿ ಆಳು ಬಿಟ್ಟು ಬಂದ ಯಜಮಾನನಿಗೆ ಹಿರೇ ಆಳು ಹೇಳಿದ ಹಾಗೆ ಹೇಳುತ್ತಿದ್ದಳು, ಅದೂ ಹೊಲದ ಆ ಬದುವಿಗೆ ಕೇಳುವಷ್ಟು ದನಿಯಲ್ಲಿ.

"ಹಣಮಪ್ಪಾ, ಮುಂಜಾನಿಂದ ಹೇಳ್ತೀನಿ ಕೇಳು. ಪಲ್ಯಾಕ ಉಪ್ಪು ಹಾಕೋದು ಸೊಸಿ ಮರ್ತಾಳ. ನಾ ಬೈದೆ. ಉಪ್ಪಿಗೆ ಎಷ್ಟು ಬೈಬೇಕೋ ಅಷ್ಟ ಬೈದು ಬಿಡಬೇಕಿತ್ತು, ಆಕಿ ತವರಮನಿ ತನಕ ಹೋದೆ. ಅದು ನನ್ನ ತಪ್ಪು. ರಂಗವ್ವ ಬೆಂಕಿ ಕೇಳಾಕ ಬಂದ್ಲು, ಕೊಟ್ಟೆ. ಕುಂತು ಮಂದಿ ಮನಿ ಸುದ್ದಿ ತಗದ್ಲು. ನಾ ಬ್ಯಾಡ ಅನಲಿಲ್ಲ, ಪೂರಾ ಕೇಳಿದೆ. ಅದೂ ನಂದ. ಇಷ್ಟ ನನ್ನ ಕಡಿಂದ. ನಿಂದೇನರ ಇದ್ರ ನೀ ಹೇಳು."

ಇಷ್ಟು ಹೇಳಿ ಒಂದು ಗಳಿಗೆ ಸುಮ್ಮನೆ ಪಟ ನೋಡುತ್ತಿದ್ದಳು. ಹಣಮಪ್ಪನಿಗೆ ಉತ್ತರ ಕೊಡಲು ಅವಕಾಶ ಬೇಕಲ್ಲ. ಆಮೇಲೆ "ಇಲ್ಲಲ್ಲ? ಹಂಗಾರ ಉಣ್ತೀನಿ" ಅಂತ ಎದ್ದು ಬಂದು ರೊಟ್ಟಿ ಮುರಿಯುತ್ತಿದ್ದಳು. ಅಷ್ಟು ನಿಶ್ಚಿಂತೆಯಿಂದ ಊಟ ಮಾಡುವ ಮನುಷ್ಯರನ್ನು ನಾನು ಇವತ್ತಿನ ತನಕ ನೋಡಿಲ್ಲ.

ಜಗಲಿಯ ನೆತ್ತಿಗೇ ಬೆಳಕಿಂಡಿ ಇತ್ತು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕು ಬರಲಿ ಅಂತ ಬಿಟ್ಟ ಆ ಕಿಂಡಿಯಿಂದ ನಮ್ಮ ಮನೆಯಲ್ಲಿ ಬೆಳಕು ಒಳಗೆ ಬಂದದ್ದಕ್ಕಿಂತ ಮಾತು ಹೊರಗೆ ಹೋದದ್ದೇ ಹೆಚ್ಚು. ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಹತ್ತಿಕೊಂಡಿದ್ದವು. ಸಂಜೆ ಆಯಿತೆಂದರೆ ಹೆಣ್ಣುಮಕ್ಕಳಿಗೆ ಮಾಳಿಗೆಯ ಮೇಲೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಒಬ್ಬಾಕೆಗೆ ಒಣ ಹಾಕಿದ ಮೆಣಸಿನಕಾಯಿ, ಇನ್ನೊಬ್ಬಾಕೆಗೆ ಸಂಡಿಗೆ. ಮಳೆಗಾಲದಲ್ಲಿ ಸಂಡಿಗೆ ಎಲ್ಲಿಂದ ಬರಬೇಕು? ಆದರೂ ಬರುತ್ತಿದ್ದರು. ರೇಡಿಯೋ ಇದ್ದದ್ದು ಗೌಡರ ಮನೆಯಲ್ಲಿ ಒಂದೇ, ಅದರಲ್ಲಿ ನಮ್ಮ ಓಣಿಯ ಸುದ್ದಿ ಬರುತ್ತಿರಲಿಲ್ಲ. ಅವ್ವನಿಗೆ ಮಾತ್ರ ಇದರಿಂದ ಒಂದು ಲಾಭವಿತ್ತು. ಸೊಸೆಯ ಮುಖ ನೋಡಿ ಒಂದು ಸಲವೂ "ತಪ್ಪಾತು" ಅನ್ನದ ಆಯಿ, ದೇವರ ಮುಂದೆ ದಿನಾ ಅನ್ನುತ್ತಿದ್ದಳು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಅಷ್ಟೊತ್ತು ನಿಲ್ಲಿಸಿ ಕೇಳಿ, ತನ್ನ ಪಾಲಿನ ನ್ಯಾಯ ತಾನು ತೆಗೆದುಕೊಂಡು, ಮತ್ತೆ ಬಡಿಯಲು ಶುರು ಮಾಡುತ್ತಿದ್ದಳು. ಅತ್ತೆ ಸೊಸೆ ಜಗಳ ನಮ್ಮ ಮನೆಯಲ್ಲಿ ಎರಡನೇ ದಿನಕ್ಕೆ ಹೋದದ್ದಿಲ್ಲ.

ನಾನು ಕುಷ್ಟಗಿಯಲ್ಲಿ ಪಾತ್ರೆ ಅಂಗಡಿ ಇಟ್ಟು ತಲೆ ಹಣ್ಣು ಮಾಡಿಕೊಂಡಿದ್ದೇನೆ. ಹಳೇ ತಾಮ್ರ ಹಿತ್ತಾಳೆ ತಗೊಂಡು ಹೊಸ ಸ್ಟೀಲು ಕೊಡುವ ವ್ಯವಹಾರ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಈ ಸೀಮೆಯಲ್ಲಿ ಕಡಿಮೆ, ಇದನ್ನು ನಾನೇ ಹೇಳಿಕೊಂಡರೆ ಚಂದ ಅಲ್ಲ, ಆದರೆ ಬೇರೆ ಯಾರೂ ಹೇಳುವುದಿಲ್ಲ. ನನ್ನೂರು ಮಂಗಳೂರು ಅಂದಾಗ ದೂರದ ಸಗಟು ವ್ಯಾಪಾರಿಗಳು ಮೀನಿನ ಮಾತು ತೆಗೆಯುತ್ತಾರೆ. "ಸಮುದ್ರದ್ದಲ್ರಿ, ಯಲಬುರ್ಗಿ ಕಡಿದು, ನಮ್ಮಲ್ಲಿ ಕೆರಿಗೇ ನೀರಿಲ್ಲ" ಅಂತ ಮೊದಲೇ ಹೇಳಿಬಿಡುತ್ತೇನೆ. ಕೇಳುವ ಮೊದಲೇ ಹೇಳಿದ ಕೊರತೆಗೆ ಮಂದಿ ಅರ್ಧ ಮರ್ಯಾದೆ ಕೊಡುತ್ತಾರೆ. ಅವರೇ ಹುಡುಕಿ ತೆಗೆದರೆ ಇದ್ದ ಮರ್ಯಾದೆಯೂ ಹೋಗುತ್ತದೆ. ಈ ಬುದ್ಧಿ ನನಗೆ ಅಂಗಡಿಯಲ್ಲಿ ಬಂದದ್ದಲ್ಲ, ಆ ಜಗಲಿಯ ಮುಂದೆ ಬಂದದ್ದು. ಯಾವತ್ತು ಬಂತು ಅಂತಲೂ ಹೇಳಬಲ್ಲೆ. ಗಿರಿಜತ್ತಿಯನ್ನು ನೋಡಲು ಗಂಗಾವತಿ ಕಡೆಯವರು ಬಂದ ದಿನ.

ಗಿರಿಜತ್ತಿ ಅಪ್ಪನ ತಂಗಿ, ಆಯಿಯ ಕೊನೆಯ ಮಗಳು. ಸಣ್ಣಂದಿನಲ್ಲಿ ಜ್ವರ ಬಂದು ಎಡಗಿವಿ ಪೂರಾ ಮುಚ್ಚಿತ್ತು. ಬಲಗಿವಿ ಮಾತ್ರ ನಾಯಿಗೂ ಇಲ್ಲದಷ್ಟು ಚುರುಕು. ಹೊಲದ ಕೆಲಸ, ಮನೆಯ ಕೆಲಸ, ಕೌದಿ ಹೊಲಿಯುವುದು, ಯಾವುದರಲ್ಲೂ ಆಕೆಯನ್ನು ಸರಿಗಟ್ಟುವವರಿರಲಿಲ್ಲ. ಆದರೂ ಎರಡು ಸಂಬಂಧ ಬಂದು, ಕಿವಿಯ ಮಾತು ಗೊತ್ತಾಗಿ ತಿರುಗಿ ಹೋಗಿದ್ದವು. ಇದೂ ತಪ್ಪಿದರೆ ಕುಷ್ಟಗಿ ಕಡೆಯ ಒಬ್ಬ ಮುದುಕನಿಗೆ ಎರಡನೇ ಸಂಬಂಧವಾಗಿ ಕೊಡುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಆ ಮುದುಕ ಒಂದು ಸಲ ನಮ್ಮ ಮನೆಗೆ ಬಂದವನು ಕೂತಲ್ಲೇ ನಿದ್ದೆ ಹೋಗಿ, ಎದ್ದು, ಮದುವೆ ಆಯಿತೇನು ಅಂತ ಕೇಳಿದ್ದ. ಅದಕ್ಕೇ ಈ ಸಲ ಬಸಣ್ಣಮಾವ ಅನ್ನುವ ದೂರದ ಸಂಬಂಧಿ ಮುಂದೆ ನಿಂತು, ಎಲ್ಲ ತನ್ನ ಮೇಲೆ ಬಿಡಿ ಅಂದ. ಕಿವಿಯ ಮಾತನ್ನು ಅವನು ಎತ್ತಲೇ ಇಲ್ಲ. ಭತ್ತ ಬೆಳೆಯುವ ಕಾಲುವೆ ಸೀಮೆಯವರಿಗೆ ನಮ್ಮ ಜೋಳದ ಬಡತನ ಕಾಣಬಾರದು ಅಂತ ಪಕ್ಕದ ಮನೆಯ ರಂಗವ್ವನ ಎರಡು ಎಮ್ಮೆ ತಂದು ನಮ್ಮ ದನದ ಅಂಕಣದಲ್ಲಿ ಕಟ್ಟಿಸಿದ. ಹೊತ್ತು ಏರುವ ಮೊದಲು ಅವರು ಬರುತ್ತಾರೆ, ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾರೆ, ಸಂಜೆಯ ಜಗಲಿಯ ತಂಟೆ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಓದುಗರಿಗೆ ಒಂದು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಎರವಲು ತರುವುದೇ ಆದರೆ ಹಾಸಿಗೆ ತನ್ನಿ, ಪಾತ್ರೆ ತನ್ನಿ. ಬಾಯಿ ಇರುವುದನ್ನು ತರಬೇಡಿ.

ಹೊತ್ತು ಏರಿತು, ಇಳಿಯಿತು, ಬೀಗರು ಬರಲಿಲ್ಲ. ಹಿಟ್ನಾಳದ ಹತ್ತಿರ ಬಸ್ಸಿನ ಗಾಲಿ ಕೂತಿದೆ, ಬರುವುದು ತಡ ಅಂತ ಯಾರೋ ಸುದ್ದಿ ತಂದರು. ಮನೆಯಲ್ಲಿ ಎಲ್ಲರೂ ಒಂದೇ ಸಲ ಆಯಿಯ ಕಡೆ ನೋಡಿದರು. ಆಯಿ ಎಮ್ಮೆಗೆ ಜೋಳದ ದಂಟಿನ ಕಣಕಿ ಹಾಕುತ್ತಿದ್ದಳು. ಅಪ್ಪ ಹತ್ತಿರ ಹೋಗಿ ಕೆಮ್ಮಿದ.

"ಅವ್ವಾ, ಇವತ್ತೊಂದಿನ ಹಣಮಪ್ಪಗ ರಜಾ ಕೊಡಬೇ. ಅಂವ ಬ್ರಹ್ಮಚಾರಿ, ಮದಿವಿ ಮಾತು ಅವಗೇನು ತಿಳಿತೈತಿ?"

"ತಿಳೀದಿದ್ರ ತಿಳಸಬೇಕಪಾ. ಮುಚ್ಚಿಡಬೇಕಂತ ಎಲ್ಲೈತಿ?"

"ಸುಳ್ಳು ಹೇಳಿದಾಂವ ಬಸಣ್ಣ. ನೀ ಏನೂ ಹೇಳಿಲ್ಲಲ್ಲ."

"ಹೌದು, ಬಸಣ್ಣನ ಬಾಯಿ ಬಸಣ್ಣನ್ದು. ಎಮ್ಮಿಗೆ ಮೇವು ಹಾಕಿದ ಕೈ ಯಾರ್ದು?"

ಅಪ್ಪ ಮತ್ತೆ ಕೆಮ್ಮಿ ಹೊರಗೆ ಬಂದ. ಆಮೇಲೆ ಅವ್ವ ನನ್ನನ್ನು ಕರೆದಳು. ಆಗ ನನಗೆ ಲಂಗದ ಲಾಡಿ ಸರಿಯಾಗಿ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ, ಆದರೆ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಲು ಅವ್ವ ನನ್ನನ್ನೇ ಮುಂದೆ ಬಿಡುತ್ತಿದ್ದಳು. "ನಿಮ್ಮ ಆಯಿ ನಿನ್ನ ಮಾತು ಕೇಳ್ತಾಳ, ಹೆಂಗರ ಮಾಡಿ ಒಪ್ಪಸು" ಅಂದಳು. ನಾನು ಹೋಗಿ ಆಯಿಯ ಪಕ್ಕ ಕಣಕಿಯ ಸಿವುಡಿನ ಮೇಲೆ ಕೂತೆ.

"ಆಯಿ, ಇವತ್ತಿಂದು ಈಗ ಹೇಳಿಬಿಡು."

"ಹೊತ್ತು ಇನ್ನೂ ಮಾರುದ್ದ ಐತಿ. ಅಷ್ಟ್ರಾಗ ನಾ ಏನೇನು ಮಾಡ್ತೀನೋ ಯಾರಿಗ್ಗೊತ್ತು?"

"ಹಂಗಾರ ನಾಳಿ ಎರಡೂ ದಿನದ್ದು ಕೂಡಿಸಿ ಹೇಳು."

"ರಾತ್ರಿ ಸತ್ರ ನೀ ಹೇಳ್ತೀ ಏನ ನಂದು?"

"ಮನಸನ್ಯಾಗ ಹೇಳು. ದೇವ್ರಿಗೆ ಕೇಳತೈತಂತ, ನಮ್ಮ ಮಾಸ್ತರ ಹೇಳ್ಯಾರ."

"ಮಂದಿ ಮುಂದ ಹೇಳಾಕ ನಾಚೋದನ್ನ ಅವನ ಕಿವ್ಯಾಗ ಪಿಸುಗುಟ್ಟಿದ್ರ ಅದು ಚಾಡಿ ಆಕ್ಕತಿ ಖೋಡಿ. ನಾ ಚಾಡಿ ಹೇಳಾಕಿ ಅಲ್ಲ."

"ಎಮ್ಮಿ ಮಾತು, ಕಿವಿ ಮಾತು ಎರಡ ಬಿಡು. ಉಳಿದಿದ್ದೆಲ್ಲ ಹೇಳು."

"ಬಿಟ್ಟಿದ್ದನ್ನ ಅಂವ ಮೊದ್ಲ ಕೇಳ್ತಾನ."

ನನ್ನ ಸರಕು ಮುಗಿಯುತ್ತಾ ಬಂದಿತ್ತು. ಚೌಕಾಸಿಯ ಧರ್ಮ ಏನೆಂದರೆ ಬೆಲೆ ಇಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ಬೇರೆ ಏನಾದರೂ ಕೇಳಬೇಕು, ಬರಿಗೈಯಲ್ಲಿ ಏಳಬಾರದು.

"ಆತು ಬಿಡು. ಎಲ್ಲಾ ಹೇಳು. ಆದ್ರ ಅತ್ತಿ ಛಲೋ ಗುಣ ಮೊದ್ಲ ಹೇಳು. ಕಿವಿ ಮಾತು ಆಮ್ಯಾಲ."

ಆಯಿ ಕಣಕಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಹಿಂದ ಮುಂದ ಮಾಡಬೌದು," ಅಂದಳು. "ಹೆಚ್ಚು ಕಡಿಮಿ ಮಾಡಬಾರದು." ನನ್ನ ಜೀವನದ ಮೊದಲ ಸೌದಾ ಅದು. ಇವತ್ತಿಗೂ ನನ್ನ ಅಂಗಡಿಯಲ್ಲಿ ಹಂಡೆಯ ದಪ್ಪ ಮೊದಲು ಬಡಿದು ತೋರಿಸುತ್ತೇನೆ, ತಗ್ಗು ಬಿದ್ದದ್ದನ್ನು ಆಮೇಲೆ ತೋರಿಸುತ್ತೇನೆ. ತೋರಿಸದೆ ಮಾತ್ರ ಕಟ್ಟಿಕೊಡುವುದಿಲ್ಲ.

ಒಳಗೆ ಹೋಗಿ ಗಿರಿಜತ್ತಿಗೆ ಹೇಳಿದೆ. ಬಲಗಡೆಯಿಂದಲೇ ಹೇಳಿದೆ. ಆಕೆ ಕನ್ನಡಿಯ ಮುಂದೆ ಕೂತು ಹೆರಳಿಗೆ ಹೂ ಮುಡಿಯುತ್ತಿದ್ದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ.

"ಹೇಳಲಿ ಬಿಡು," ಅಂದಳು. "ಇವತ್ತೊಂದಿನ ಬಲಕ್ಕ ತಿರುಗಿ ಕುಂದರಬೌದು. ಸಂಸಾರ ಪೂರ್ತಿ ಬಲಕ್ಕ ತಿರುಗಿ ಕುಂದರಲೇನು? ಕುತ್ತಿಗಿ ಏನಾಗಬೇಕು ನಂದು?"

ಹೇಳಿ, ಮುಡಿದ ಹೂವನ್ನೇ ಬಿಚ್ಚಿ ಮತ್ತೊಂದು ಸಲ ಮುಡಿದಳು.

ಬೀಗರು ಬಂದಾಗ ಬಿಸಿಲು ಗೋಡೆ ಹತ್ತಿತ್ತು. ಹುಡುಗನ ತಾಯಿ ನೀಲವ್ವ, ಹುಡುಗ ಶಂಕ್ರಪ್ಪ, ಇಬ್ಬರೇ. ನೀಲವ್ವ ಎತ್ತರದ ಹೆಂಗಸು, ಮನೆಗೆ ಕಾಲಿಡುವ ಮೊದಲು ತೊಲೆ ಎಣಿಸುವ ಕಣ್ಣು. ಶಂಕ್ರಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ನೀರು ಬೇಕೇನಪಾ ಅಂದರೂ ತಾಯಿಯ ಮುಖ ನೋಡಿ ಹೂಂ ಅನ್ನುವವನು. ಪಡಸಾಲೆಯಲ್ಲಿ ಕಂಬಳಿ ಹಾಸಿ, ಹೆಣ್ಣು ಕೂರುವ ಜಾಗಕ್ಕೆ ಬಲಗಡೆ ಅವರಿಗೆ ಜಾಗ ಮಾಡಿದ್ದೆವು. ನೀಲವ್ವ ನೇರವಾಗಿ ಹೋಗಿ ಎಡಗಡೆ ಕೂತಳು.

"ಆಕಡಿ ಮಾಳಿಗಿ ಮಣ್ಣು ಉದರತೈತ್ರಿ, ಈ ಕಡಿ ಬರ್ರಿ," ಅಂದ ಅಪ್ಪ.

"ಉದರಲಿ ಬಿಡ್ರಿ. ಇಲ್ಲಿ ಗಾಳಿ ಛಲೋ ಐತಿ."

"ಚೇಳು ಬರತಾವ್ರಿ ಅಲ್ಲಿ," ಅಂದ ಬಸಣ್ಣಮಾವ. ನೀಲವ್ವ ಜಿಗಿದು ಬಲಗಡೆ ಬಂದಳು. ಆಮೇಲೆ ಗಿರಿಜತ್ತಿಯನ್ನು ಕೂರಿಸಿ ಕೇಳಿದ್ದಕ್ಕೆಲ್ಲ ಉತ್ತರ ಆಯಿತು, ಮಂಡಕ್ಕಿಯ ಸುಸಲಾ, ಚಾ ಆಯಿತು. ನೀಲವ್ವ ಎಮ್ಮೆಗಳನ್ನು ನೋಡಿ ಸಮಾಧಾನದ ಮುಖ ಮಾಡಿದಳು. ಅಷ್ಟರಲ್ಲಿ ಆಯಿ ಎದ್ದು ಕೈಕಾಲು ತೊಳೆಯಲು ಹೋದಳು. ಬಸಣ್ಣಮಾವ ಗಾಬರಿಯಾಗಿ, ನಡೀರಿ ಹೊಲ ನೋಡಿ ಬರೋಣ ಅಂದ. ಅಂದ ಮೇಲೆ, ಅದು ನೀರಾವರಿ ಹೊಲ ಅಂತ ತಾನೇ ಹೇಳಿದ್ದು ನೆನಪಾಗಿ, ಬ್ಯಾಡ ಬಿಡ್ರಿ ಹುಳಾ ಹುಪ್ಪಡಿ ಅಂದ. ಅವ್ವ ತಡಮಾಡಲಿಲ್ಲ. ಒಳಗೆ ಹೋಗಿ ಒರಳಿಗೆ ಒಣ ಮೆಣಸಿನಕಾಯಿ ಸುರಿದು ಮನೆ ಅದುರುವ ಹಾಗೆ ಕುಟ್ಟಲು ನಿಂತಳು. ಘಾಟು ಎದ್ದು ಪಡಸಾಲೆಯಲ್ಲಿ ಎಲ್ಲರೂ ಸೀನತೊಡಗಿದರು. ಆ ಗದ್ದಲದ ನಡುವೆ ಜಗಲಿಯಿಂದ ಆಯಿಯ ದನಿ ಬಂತು.

"ಏ ಸೊಸಿ, ಕುಟ್ಟೋದು ನಿಲ್ಸು! ದೇವ್ರಿಗೆ ಕೇಳವಲ್ದು!"

ಒನಕೆ ನಿಂತಿತು. ಸೀನು ನಿಂತಿತು. ಮಾಳಿಗೆಯ ಮೇಲೆ ಕಾಲಸಪ್ಪಳವೂ ನಿಂತಿತು, ಓಣಿಯ ಹೆಂಗಸರು ತಮ್ಮ ಜಾಗ ಹಿಡಿದು ಕೂತಿದ್ದರು.

"ಹಣಮಪ್ಪಾ, ಇವತ್ತ ನಮ್ಮ ಗಿರಿಜಾನ್ನ ನೋಡಾಕ ಬೀಗರು ಬಂದಾರ. ಅಂಕಣದಾಗ ಎರಡು ಎಮ್ಮಿ ಕಟ್ಯಾವ. ಅವು ನಮ್ಮವಲ್ಲ, ರಂಗವ್ವನ್ವು."

"ಹೌದ್ರಿ, ನನ್ನವ," ಅಂತ ಬೆಳಕಿಂಡಿಯಿಂದ ರಂಗವ್ವನ ದನಿ ಬಂತು. "ಹಿಂಡೋ ಹೊತ್ತಾಗೇತಿ, ಕರಾ ಒದರಾಕ ಹತ್ಯಾವ. ಲಗೂ ಮುಗಸ್ರಿ."

ನೀಲವ್ವ ಮೇಲೆ ನೋಡಿದಳು. ಬಸಣ್ಣಮಾವ ಕೆಳಗೆ ನೋಡಿದ.

"ಮೇವು ಹಾಕಿದಾಕಿ ನಾನು, ಅದಕ್ಕ ಅದರಾಗ ನಂದೂ ಪಾಲೈತಿ. ಹೊಲ ನೀರಾವರಿ ಅಂತ ಬಸಣ್ಣ ಹೇಳ್ಯಾನ. ಮಳಿ ಬಂದ್ರ ನೀರಾವರಿ ಹೌದು. ಇನ್ನ ಹುಡುಗಿ ಮಾತು. ನನ್ನ ಮಗಳಂತ ಹೇಳಂಗಿಲ್ಲ, ನೀ ನೋಡಿದ್ದ ಹೇಳ್ತೀನಿ. ಆಕಿ ಹೊಲಕ್ಕ ಇಳದ್ರ ಗಂಡಾಳು ಹಿಂದ ಬೀಳ್ತಾನ. ಮಂದೀ ಮ್ಯಾಲ ಚಾಡಿ ಹೇಳಿದ್ದು ನಾ ಕೇಳಿಲ್ಲ. ಅಣ್ಣನ ಮನ್ಯಾಗ ಇಷ್ಟು ವರ್ಷ ಉಂಡಾಳ, ಅತ್ತಿಗಿ ಕೂಡ ಒಂದಿನ ಒಲೀ ಸಂಬಂಧ ಜಗಳಾಡಿಲ್ಲ. ಎಡಗಿವಿ ಕೇಳಂಗಿಲ್ಲ. ಜ್ವರದಾಗ ಹೋತು. ಅದಕ್ಕ ಬೀಗರನ್ನ ಬಲಕ್ಕ ಕುಂದರಸ್ಯಾರ. ಚೇಳು ಇಲ್ಲ, ಮಣ್ಣೂ ಉದರಂಗಿಲ್ಲ."

ನೀಲವ್ವ ಎದ್ದು ನಿಂತಳು.

"ಏನ್ ಬಸಣ್ಣಾ ಇದು?"

"ಅದು ಹಂಗಲ್ರಿ," ಅಂದ ಬಸಣ್ಣಮಾವ. "ಎರಡ ಕಿವಿ ಕೆಲಸಾ ಒಂದ ಕಿವಿ ಮಾಡತೈತ್ರಿ. ಉಳಿತಾಯಾನ ಅಲ್ರಿ ಅದು?"

"ಏಳು ಶಂಕ್ರಪ್ಪಾ. ಸುಳ್ಳರ ಮನಿ ಇದು. ನೀರು ಸುದ್ದಾ ಮುಟ್ಟಬ್ಯಾಡ."

ಶಂಕ್ರಪ್ಪ ಅರ್ಧ ಎದ್ದ. ಅಪ್ಪ ತಲೆ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿದ. ನಾನು ಅಡುಗೆಮನೆಯ ಬಾಗಿಲಲ್ಲಿ, ಎದ್ದು ಒಳಗೆ ಬಂದಿದ್ದ ಗಿರಿಜತ್ತಿಯ ಪಕ್ಕ ನಿಂತಿದ್ದೆ. ಆಕೆ ನನ್ನ ಭುಜ ಹಿಡಿದಿದ್ದ ಹಿಡಿತಕ್ಕೆ ಮರುದಿನವೂ ನೋವಿತ್ತು. ಆಯಿಗೆ ಮಾತ್ರ ಇದು ಯಾವುದೂ ಸಂಬಂಧವೇ ಇಲ್ಲ ಅನ್ನುವ ಹಾಗೆ, ಒಪ್ಪಿಸುವುದು ಇನ್ನೂ ಉಳಿದಿತ್ತು.

"ಹುಡುಗನ್ನೂ ನೋಡೀನಿ ಹಣಮಪ್ಪಾ. ಹಲ್ಲು ಛಲೋ ಅದಾವ. ನೆದರು ಕೆಟ್ಟದ್ದಿಲ್ಲ. ಬಾಯಿ ಐತೋ ಇಲ್ಲೋ ಗೊತ್ತಾಗಲಿಲ್ಲ. ಬಂದಾಗಿಂದ ಅವ್ವನ ಮುಖ ನೋಡೇ ಮಾತಾಡ್ಯಾನ. ಅದು ಗುಣಾನೋ ದೋಷಾನೋ ನನಗ ತಿಳೀಲಿಲ್ಲ. ನೀನ ನೋಡು."

ಮಾಳಿಗೆಯ ಮೇಲೆ ಯಾರೋ ಕಿಸಕ್ಕಂದರು. ಶಂಕ್ರಪ್ಪನ ಕಿವಿ ಕೆಂಪಾದದ್ದು ನನಗೆ ಅಲ್ಲಿಂದಲೇ ಕಂಡಿತು. ಅರ್ಧ ಎದ್ದವನು ಪೂರ್ತಿ ಏಳಬೇಕಿತ್ತು. ಅವನು ಕೂತ. ಕೂತು, ಮೊದಲ ಸಲ ತಾಯಿಯ ಮುಖ ನೋಡದೆ, ನೆಲ ನೋಡಿ ಮಾತಾಡಿದ.

"ಅವ್ವಾ, ಬ್ಯಾರೆ ಕಡೆ ಹೋದ್ರ ಅಲ್ಲೀ ಎಮ್ಮಿ ಯಾರ್ವು ಅಂತ ಗೊತ್ತಾಗೂದ್ರಾಗ ಎರಡು ಮಕ್ಕಳಾಗಿರತಾವ. ಇಲ್ಲಿ ಸಂಜಿತನಕ ಕುಂತ್ರ ಎಲ್ಲಾ ಗೊತ್ತಾಕ್ಕತಿ. ನನಗ ಈ ಮನೀನ ಬೇಕು." ಆಮೇಲೆ ಗಂಟಲು ಸರಿಮಾಡಿಕೊಂಡು, "ಆಕಿನ್ನೂ ಕೇಳ್ರಿ, ನಾ ಆಕಿಗೆ ಒಪ್ಪಿಗಿ ಆದೀನೇನು ಅಂತ," ಅಂದ.

ಗಂಡು ನೋಡಲು ಹೋಗುವವರಿಗೆ ನನ್ನ ಸಲಹೆ: ಸಂಬಳ ಕೇಳಬೇಡಿ, ಮನೆ ಎಷ್ಟು ಅಂಕಣದ್ದು ಅಂತ ಕೇಳಬೇಡಿ. ಒಂದು ಸಲ ತಾಯಿಯ ಮುಂದೆ ನೆಲ ನೋಡಿಯಾದರೂ ಮಾತಾಡುತ್ತಾನೋ ನೋಡಿ.

ನೀಲವ್ವನಿಗೆ ಮಗನನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸಿಟ್ಟನ್ನು ಎತ್ತಿಕೊಂಡು ನೇರ ನಡುಮನೆಗೆ ನಡೆದಳು. ನಾವೆಲ್ಲ ಹಿಂದೆ ಹೋದೆವು. ಆಯಿ ಕಾಲು ಚಾಚಿ ಕೂತಿದ್ದವಳು ತಿರುಗಿ ನೋಡಿದಳು.

"ಏನ್ರಿ ಅವ್ವಾರ, ನಿಮಗೇನು ಧೈರ್ಯರಿ ಇದು? ಮಗಳ ಬಾಳೇವು ಐತಿ, ಹಿಂಗ ಒದರತೀರಿ?"

"ಧೈರ್ಯ ಎಲ್ಲಿದ್ರಿ? ಮುಚ್ಚಿಟ್ರ ಅಲ್ಲ ಧೈರ್ಯ ಬೇಕಾಗೋದು? ನನಗ ಅಷ್ಟು ತಾಕತ್ತಿಲ್ಲರಿ. ರಾತ್ರಿ ನಿದ್ದಿ ಬೇಕು ನನಗ."

"ಮತ್ತ ನನ್ನ ಬಗ್ಗೆ ಏನ್ ಹೇಳಾಕಿ? ಹೇಳ್ರಿ, ನಾನೂ ಕೇಳತೀನಿ. ನಾ ಸುಳ್ಳರಂಗ ಕಾಣತೀನೇನು?"

"ನಿಮ್ದು ನಾ ಹೆಂಗ ಹೇಳಲ್ರಿ?" ಅಂದಳು ಆಯಿ. ಅವಳ ದನಿಯಲ್ಲಿ ಕುಚೋದ್ಯ ಇರಲಿಲ್ಲ, ನಿಜವಾಗಿಯೇ ಅಂದಳು. ಕಾಲು ಮಡಿಚಿ ಪಕ್ಕಕ್ಕೆ ಸರಿದು ಜಗಲಿಯ ಮುಂದಿನ ನೆಲವನ್ನು ಸೆರಗಿನಿಂದ ಒರೆಸಿದಳು. "ಜಾಗ ಐತಿ. ನೀವ ಹೇಳ್ಕೊಳ್ರಿ. ಬರ್ರಿ, ಕುಂದರ್ರಿ."

ನೀಲವ್ವ ಒಂದು ಕಾಲು ಹೊಸ್ತಿಲ ಒಳಗೆ ಇಟ್ಟಳು. ದೀಪ ನೋಡಿದಳು, ಹಣಮಪ್ಪನ ಪಟ ನೋಡಿದಳು. ತಲೆ ಎತ್ತಿ ಬೆಳಕಿಂಡಿ ನೋಡಿದಳು. ಅಲ್ಲಿ ಓಣಿಯ ಹೆಂಗಸರ ತಲೆಗಳು ಸುತ್ತಲೂ ಸಾಲಾಗಿ, ಉಸಿರು ಹಿಡಿದು, ಕಾಯುತ್ತಿದ್ದವು. ಮನಸ್ಸಿನಲ್ಲಿ ತನ್ನದನ್ನೆಲ್ಲ ಒಂದು ಸಲ ಕೂಡಿಸಿ ನೋಡಿದಳೋ ಏನೋ. ಆಮೇಲೆ ಮೆಲ್ಲಗೆ ಕಾಲು ಹಿಂದೆ ತೆಗೆದಳು.

"ಇವತ್ತ ಬ್ಯಾಡ್ರಿ," ಅಂದಳು. "ಬಸ್ಸಿಗೆ ಹೊತ್ತಾಗೇತಿ."

ಕಡೆಯ ಬಸ್ಸು ಆಗಲೇ ಹೋಗಿತ್ತು. ಅದರ ಹಾರನ್ನು ನಾವೆಲ್ಲರೂ ಕೇಳಿದ್ದೆವು, ನೀಲವ್ವನೂ ಕೇಳಿದ್ದಳು. ಯಾರಿಗೂ ನಗುವ ಧೈರ್ಯ ಇರಲಿಲ್ಲ. ಮೊದಲು ನಕ್ಕವಳು ಗಿರಿಜತ್ತಿ. ನೋಡಲು ಬಂದವರ ಮುಂದೆ ಹೆಣ್ಣು ಕೆಮ್ಮಲೂಬಾರದು ಅನ್ನುವ ಕಾಲ. ಆಕೆ ಬಾಗಿಲಿಗೆ ಒರಗಿ, ಸೆರಗು ಬಾಯಿಗೆ ತುರುಕಿ, ತಡೆಯಲಾರದೆ ನಕ್ಕಳು. ಆಮೇಲೆ ಬೆಳಕಿಂಡಿ ನಕ್ಕಿತು, ಅಪ್ಪ ನಕ್ಕ, ಕಡೆಗೆ ಶಂಕ್ರಪ್ಪನೂ ಹಲ್ಲು ಬಿಟ್ಟ.

ನೀಲವ್ವ ತಿರುಗಿ ಗಿರಿಜತ್ತಿಯ ಹತ್ತಿರ ಬಂದಳು. ಎಡಗಡೆ ಬಂದವಳು ಒಂದು ಗಳಿಗೆ ನಿಂತು, ಸುತ್ತು ಹಾಕಿ ಬಲಗಡೆ ಹೋದಳು.

"ನಕ್ಕಿದ್ದು ಸಾಕು, ರೊಟ್ಟಿ ಬಡಿ ನಡಿ," ಅಂದಳು. "ಬಸ್ಸು ಹೋಗೇತಿ ಅಂತ ನನಗೂ ಗೊತ್ತೈತಿ."